ಎಂಟು ಹಾಳೆಗೊಮ್ಮೆ ಬಂದ ಕುದುರೆ

ಇಸವಿ ಮೂವತ್ತಾರೋ ಮೂವತ್ತೇಳೋ ಇರಬೇಕು. ನನ್ನ ಎರಡನೆಯ ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು, ಹಾಗಾಗಿ ಮೂವತ್ತಾರು ಎಂದೇ ಇಟ್ಟುಕೊಳ್ಳಿ. ಶಿರಸಿ ಪೇಟೆಯ ಹಿಂದಿನ ಓಣಿಯಲ್ಲಿ ನಾನು ಪುಸ್ತಕ ಕಟ್ಟುವ ಕೆಲಸ ಮಾಡುತ್ತಿದ್ದೆ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆಯೇ. ಅಲ್ಲಿ ಪುಸ್ತಕ ಒತ್ತುವ ಮಣೆ, ಅಂಚು ಕತ್ತರಿಸುವ ಕತ್ತಿ, ಅಂಟು ಕಾಯಿಸುವ ಪಾತ್ರೆ, ಗೋಡೆಗೆ ಒರಗಿಸಿಟ್ಟ ರಟ್ಟುಗಳು. ಊರಿನವರು ನನ್ನನ್ನು ಬೈಂಡರ್ ಇಮಾಮಸಾಬ ಎಂದು ಕರೆಯುತ್ತಿದ್ದರು.

ನಾನು ಶಾಲೆ ಬಿಟ್ಟದ್ದು ಕನ್ನಡ ಮೂರನೆಯ ಇಯತ್ತೆಯಲ್ಲಿ. ತಂದೆ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಒಂದು ಛಾಪಖಾನೆಗೆ ಸೇರಿಸಿದರು. ಅಲ್ಲಿ ಒಂಬತ್ತು ವರ್ಷ ದುಡಿದು ಕೆಲಸ ಕಲಿತೆ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಓದಿ ನನ್ನ ಕನ್ನಡ ಇಷ್ಟಾಗಿದೆ. ಇಂಗ್ಲಿಷಿನಲ್ಲಿ ಮಾತ್ರ ಅಂಕಿ ಗೊತ್ತಿತ್ತು, ಎ ಬಿ ಸಿ ಗೊತ್ತಿತ್ತು, ಅಲ್ಲಿಗೆ ಮುಗಿಯಿತು. ಆದರೆ ನಾನು ಹೊಲಿದ ಪುಸ್ತಕ ಬಿಚ್ಚಿಕೊಳ್ಳಬೇಕಾದರೆ ಅದನ್ನು ಓದುವವನು ಮುದುಕನಾಗಬೇಕಿತ್ತು. ಹಾಳೆ ಹಿಂದುಮುಂದಾಗಿದೆ ಎಂದು ಒಬ್ಬನೂ ಪುಸ್ತಕ ವಾಪಸು ತಂದಿರಲಿಲ್ಲ. ಈ ಮಾತನ್ನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ನಮ್ಮ ಓಣಿಯ ತುದಿಗೆ ಒಂದು ಸಣ್ಣ ವಾಚನಾಲಯ ಇತ್ತು. ಅಲ್ಲಿ ಒಂದು ದೊಡ್ಡ ಕಪಾಟು ತುಂಬ ಪುಸ್ತಕ, ಅರ್ಧಕ್ಕರ್ಧ ಬೆನ್ನು ಮುರಿದವು. ಅವನ್ನೆಲ್ಲ ಕಟ್ಟಿಸಲು ಹುಬ್ಬಳ್ಳಿಗೆ ಕಳಿಸುತ್ತಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ನನಗೆ ಅನ್ನ ಇಳಿಯಲಿಲ್ಲ. ಶಿರಸಿಯಲ್ಲಿ ನಾನು ಜೀವಂತ ಇರುವಾಗ ಶಿರಸಿಯ ಪುಸ್ತಕ ಹುಬ್ಬಳ್ಳಿಗೆ ಹೋಗುವುದೆಂದರೇನು? ನೇರವಾಗಿ ಭಟ್ಟ ಮಾಸ್ತರರ ಹತ್ತಿರ ಹೋದೆ. ಅವರು ಇಂಗ್ಲಿಷ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ವಾಚನಾಲಯದ ಬೀಗದ ಕೈ ಅವರ ಜನಿವಾರದಲ್ಲೇ ಇರುತ್ತಿತ್ತು. ಊರಿನಲ್ಲಿ ಇಂಗ್ಲಿಷ್ ಕಾಗದ ಯಾರಿಗೆ ಬಂದರೂ ಮೊದಲು ಅವರ ಮನೆಗೆ ಹೋಗುತ್ತಿತ್ತು.

"ಕನ್ನಡ ಪುಸ್ತಕ ಆದ್ರೆ ನಿಂಗೇ ಕೊಡ್ತಿದ್ದೆ ಮಾರಾಯ. ಇದ್ರಲ್ಲಿ ಅರ್ಧ ಇಂಗ್ಲಿಷು," ಅಂದರು ಮಾಸ್ತರರು.

"ಸೂಜಿಗೆ ಇಂಗ್ಲಿಷು ಕನ್ನಡ ಅಂತ ಇರೂದಿಲ್ಲ ಮಾಸ್ತರೇ," ಅಂದೆ.

ಅವರಿಗೆ ನಗು ಬಂತು. ಒಳಗೆ ಹೋಗಿ ಎರಡು ಪುಸ್ತಕ ತಂದು ನನ್ನ ಕೈಯಲ್ಲಿಟ್ಟರು. ಎರಡೂ ಚಿಂದಿಯಾಗಿದ್ದವು. ಯಲ್ಲಾಪುರ ಕಡೆಯ ಫಾರೆಸ್ಟ್ ರೇಂಜರರು ಕಾಲೇಜಿನಲ್ಲಿದ್ದಾಗ ಕೊಂಡ ಪುಸ್ತಕಗಳಂತೆ. ಬರೆದವನು ಒಬ್ಬ ವಿಲಾಯತಿ ಕಾದಂಬರಿಕಾರ. ಅವನ ಹೆಸರನ್ನು ಮಾಸ್ತರರು ಮೂರು ಸಲ ಹೇಳಿದರು, ಒಂದು ಸಲವೂ ನನ್ನ ನಾಲಿಗೆಗೆ ಹತ್ತಲಿಲ್ಲ. ಅವನು ಅರ್ಧ ಆಯುಷ್ಯ ಆಕಾಶಕ್ಕೆ ಹಾರುವ ಯಂತ್ರಗಳ ಕಥೆ ಬರೆದನಂತೆ, ಇನ್ನರ್ಧ ಆಯುಷ್ಯ ಮಾಟಗಾತಿ, ಮಾತಾಡುವ ಪ್ರಾಣಿ ಇಂಥ ಕಥೆ ಬರೆದನಂತೆ. ಇವು ಅವನ ಒಂದೊಂದು ನಮೂನೆಯ ಒಂದೊಂದು ಪುಸ್ತಕ. ರೇಂಜರರು ಇವನ್ನು ಯಾರಿಗೂ ಕೊಡುವವರಲ್ಲ. ಮಾಸ್ತರರು ಪ್ರತಿ ಗುರುವಾರ ಸಂಜೆ ಇಂಗ್ಲಿಷ್ ಕಥೆಯನ್ನು ಕನ್ನಡದಲ್ಲಿ ಓದಿ ಹೇಳುತ್ತಾರೆ ಎಂದು ಕೇಳಿ, ಊರಿನವರೂ ತಿಳಿಯಲಿ ಎಂದು ಕೊಟ್ಟಿದ್ದರು.

"ಇವೆರಡು ಕಟ್ಟು. ಮೊದಲನೇದು ಓದಿ ಮುಗಿದ ಮೇಲೆ ರೇಂಜರ್ ಬಂದು ನೋಡ್ತ್ರು. ಅವ್ರು ಸೈ ಅಂದ್ರೆ ಕಪಾಟು ಪೂರಾ ನಿಂದು. ಇಲ್ದಿದ್ರೆ ಹುಬ್ಬಳ್ಳಿ," ಅಂದರು ಮಾಸ್ತರರು.

ಪುಸ್ತಕ ಕಟ್ಟುವುದು ಹೇಗೆಂದು ಇಲ್ಲಿ ಸ್ವಲ್ಪ ಹೇಳಬೇಕು. ಛಾಪಿಸಿದ ದೊಡ್ಡ ಕಾಗದವನ್ನು ಮಡಚಿದರೆ ಎಂಟು ಹಾಳೆ, ಅಂದರೆ ಹದಿನಾರು ಪುಟದ ಒಂದು ಕಟ್ಟು ಆಗುತ್ತದೆ. ಅದಕ್ಕೆ ಫಾರ್ಮು ಅನ್ನುತ್ತೇವೆ. ಇಂಥ ಫಾರ್ಮುಗಳನ್ನು ಒಂದರ ಮೇಲೊಂದು ಇಟ್ಟು ಬೆನ್ನಿಗೆ ಹೊಲಿದರೆ ಪುಸ್ತಕ. ಈ ಎರಡು ಪುಸ್ತಕ ಒಂದೇ ಛಾಪಖಾನೆಯವು. ಅದೇ ಅಳತೆ, ಅದೇ ಅಕ್ಷರ, ಎರಡಕ್ಕೂ ಇಪ್ಪತ್ತು ಇಪ್ಪತ್ತು ಫಾರ್ಮು. ಪುಟದ ಕೆಳಗೆ ಅಂಕಿ ಇತ್ತು, ಮೇಲೆ ಏನೂ ಇರಲಿಲ್ಲ. ಒಂದರ ಕಾಗದ ಮಾತ್ರ ಇನ್ನೊಂದಕ್ಕಿಂತ ಹೆಚ್ಚು ಹಳದಿಯಾಗಿತ್ತು.

ಹಳೆಯ ದಾರ ಬಿಚ್ಚಿ, ಬೆನ್ನಿನ ಅಂಟು ತೆಗೆದು, ಫಾರ್ಮುಗಳನ್ನು ಪಟಿಕದ ನೀರಿನಲ್ಲಿ ಅದ್ದಿದೆ. ಹಾಗೆ ಮಾಡಿದರೆ ಕಾಗದಕ್ಕೆ ಬಿಗಿ ಬರುತ್ತದೆ. ಹಿತ್ತಿಲಿನಲ್ಲಿ ಎರಡು ಹಗ್ಗ ಕಟ್ಟಿ, ಒಂದು ಪುಸ್ತಕದ ಫಾರ್ಮುಗಳನ್ನು ಒಂದು ಹಗ್ಗಕ್ಕೆ, ಇನ್ನೊಂದರದ್ದನ್ನು ಇನ್ನೊಂದಕ್ಕೆ, ಅಂಕಿ ನೋಡದೆ ಕೈಗೆ ಸಿಕ್ಕ ಹಾಗೆ ಜೋತುಬಿಟ್ಟು, ರಟ್ಟು ತರಲು ಪೇಟೆಗೆ ಹೋದೆ. ಮಧ್ಯಾಹ್ನ ಗಾಳಿ ಎದ್ದಿತು. ನನ್ನ ಹೆಂಡತಿ ಫಾತಿಮಾ, ಕಾಗದ ಹಾರಿಹೋದೀತು ಎಂದು ಎಲ್ಲವನ್ನೂ ತೆಗೆದು, ಒಣಗಿದ ಬಟ್ಟೆ ಮಡಚಿಟ್ಟ ಹಾಗೆ ಒಂದೇ ಅಟ್ಟಿ ಮಾಡಿ, ಮೇಲೆ ಕಲ್ಲು ಹೇರಿ ಇಟ್ಟಿದ್ದಳು.

ನಾನು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡೆ. ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಎರಡು ಪುಸ್ತಕ ಒಂದೇ ಮಾಡಿದೆಯಲ್ಲ," ಅಂದೆ.

"ಹಾರಿ ಹೋಗಿದ್ದರೆ ಒಂದೂ ಇರ್ತಿರಲಿಲ್ಲ," ಅಂದಳು. ಆಮೇಲೆ, "ಭಟ್ಟ ಮಾಸ್ತರ ಮನೆ ನಾಲ್ಕು ಹೆಜ್ಜೆ. ತಗೊಂಡು ಹೋಗಿ, ಯಾವುದು ಯಾವುದರದ್ದು ಅಂತ ಕೇಳಿ. ಓದಿ ಹೇಳ್ತಾರೆ."

"ಕೇಳಿದರೆ ಕಪಾಟು ಹುಬ್ಬಳ್ಳಿಗೆ ಹೋಗ್ತದೆ. ಕಟ್ಟುವವನಿಗೆ ಗೊತ್ತಿಲ್ಲದ್ದು ಓದುವವನಿಗೆ ಏನು ಗೊತ್ತು?"

"ಹಾಗಾದರೆ ನೀವುಂಟು ನಿಮ್ಮ ಪುಸ್ತಕ ಉಂಟು," ಎಂದು ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಕುಳಿತೆ. ಮೊದಲನೆಯ ಫಾರ್ಮುಗಳಲ್ಲಿ ಚಿತ್ರ ಇತ್ತು, ಅವು ಗೊತ್ತಾದವು. ಉಳಿದವನ್ನು ಅಂಕಿಯ ಪ್ರಕಾರ ಜೋಡಿ ಮಾಡಿದೆ. ಪ್ರತಿ ಅಂಕಿಗೂ ಎರಡು ಫಾರ್ಮು. ಜೋಡಿಯಲ್ಲಿ ಹಳದಿ ಹೆಚ್ಚಿದ್ದನ್ನು ಎಡಕ್ಕೆ ಇಟ್ಟೆ, ಕಡಿಮೆ ಇದ್ದದ್ದನ್ನು ಬಲಕ್ಕೆ ಇಟ್ಟೆ. ಓದು ಬಾರದವನಿಗೆ ಕಣ್ಣೇ ವಿದ್ಯೆ ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಹಗ್ಗಗಳ ಒಂದು ತುದಿ ಬಿಸಿಲಿನಲ್ಲಿತ್ತು, ಇನ್ನೊಂದು ತುದಿ ಹಲಸಿನ ಮರದ ನೆರಳಿನಲ್ಲಿತ್ತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಬಿಸಿಲು ಬಿದ್ದ ಹಾಳೆ ಬೆಳ್ಳಗಾಗಿತ್ತು, ನೆರಳಿನದ್ದು ಹಳದಿಯಾಗಿಯೇ ಉಳಿದಿತ್ತು. ನಾನು ಪುಸ್ತಕ ಬೇರೆ ಮಾಡಿರಲಿಲ್ಲ, ಬಿಸಿಲು ನೆರಳು ಬೇರೆ ಮಾಡಿದ್ದೆ.

ಎರಡನ್ನೂ ಎರಡೆಳೆ ದಾರದಲ್ಲಿ ಹೊಲಿದು, ಬೆನ್ನಿಗೆ ಕೆಂಪು ತೊಗಲು ಹಾಕಿ ಕೊಟ್ಟೆ. ಮಾಸ್ತರರು ಒಂದನೆಯ ಪುಟದಿಂದ ಮುನ್ನೂರ ಇಪ್ಪತ್ತರ ತನಕ ಅಂಕಿ ನೋಡುತ್ತ ಮಗುಚಿದರು. ಒಂದೂ ತಪ್ಪಿರಲಿಲ್ಲ.

"ಭೇಷ್ ಇಮಾಮಸಾಬ. ಗುರುವಾರ ಬಾ, ಮುಂದೆ ಕೂತ್ಕ," ಅಂದರು.

ಗುರುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಎಲ್ಲರಿಗಿಂತ ಮುಂದೆ ಕುಳಿತೆ. ಇಪ್ಪತ್ತು ಜನ ಸೇರಿದ್ದರು. ನನ್ನ ಎಡಕ್ಕೆ ಚನ್ನಬಸಪ್ಪನವರು, ಗುಡ್ನಾಪುರ ಕಡೆಯವರು, ಪೇಟೆಯಲ್ಲಿ ಅಕ್ಕಿ ವ್ಯಾಪಾರ. ಬಲಕ್ಕೆ ಹೇರೂರಿನ ಹೆಗಡೆಯವರು, ಗುರುವಾರ ಗುರುವಾರ ಪೇಟೆಗೆ ಬರುವವರು. ಮಾಸ್ತರರು ಇಂಗ್ಲಿಷಿನಲ್ಲಿ ಒಂದು ಪುಟ ಕಣ್ಣಾಡಿಸುವುದು, ಕನ್ನಡದಲ್ಲಿ ಕಥೆ ಹೇಳುವುದು. ರೋಗಿಗಳೇ ಬಾರದ ಒಬ್ಬ ವಿಲಾಯತಿ ಡಾಕ್ಟರು, ಕೆಲಸವಿಲ್ಲದೆ ಕುಳಿತು, ದೊಡ್ಡ ತಾಮ್ರದ ಹಂಡೆಯಂಥ ಒಂದು ಯಂತ್ರ ಮಾಡಿ, ಅದರಲ್ಲಿ ಕುಳಿತು ಒಂದು ಚುಕ್ಕೆಗೆ ಹಾರುತ್ತಾನೆ. ಆ ಚುಕ್ಕೆಯ ಜನರ ಎದೆ ಗಾಜಿನ ಹಾಗೆ. ಮನಸ್ಸಿನಲ್ಲಿ ಏನು ಯೋಚಿಸಿದರೂ ಎದುರಿನವನಿಗೆ ಕಾಣುತ್ತದೆ.

"ಹಂಗಾರ ಅಲ್ಲಿ ವ್ಯಾಪಾರ ಹ್ಯಾಂಗ ಮಾಡ್ತಾರ್ರಿ?" ಎಂದು ಚನ್ನಬಸಪ್ಪನವರು ಕೇಳಿದರು. ಅವರಿಗೆ ನಿಜವಾಗಿಯೂ ಚಿಂತೆಯಾಗಿತ್ತು.

ಎರಡನೆಯ ಗುರುವಾರ ಡಾಕ್ಟರು ಹಂಡೆಯ ಬಾಗಿಲಿಗೆ ಕೈ ಹಾಕಿದ. ಮಾಸ್ತರರು ಹಾಳೆ ಮಗುಚಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಬಾಗಿಲು ತೆಗೆದರೆ ಹೊರಗೆ ಒಂದು ಬಿಳಿ ಹೆಣ್ಣು ಕುದುರೆ ಹಿಮದಲ್ಲಿ ನಿಂತು ಅಳುತ್ತಾ ಇತ್ತು," ಅಂದರು.

"ಚುಕ್ಕಿ ಮ್ಯಾಲೆ ಕುದುರಿ ಎಲ್ಲಿಂದ ಬಂತ್ರಿ ಮಾಸ್ತರ?" ಎಂದರು ಚನ್ನಬಸಪ್ಪನವರು.

"ಭೂಮಿ ಮೇಲೆ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿದ್ಯ?" ಎಂದರು ಮಾಸ್ತರರು. ಚನ್ನಬಸಪ್ಪನವರು ಯೋಚಿಸಿ, ಗೊತ್ತಿಲ್ಲ ಎಂದು ಒಪ್ಪಿಕೊಂಡರು.

ಆ ಕುದುರೆಗೆ ಮಾತು ಬರುತ್ತಿತ್ತು. ಅದರ ರಾಣಿ ತನ್ನ ನಿದ್ದೆಯನ್ನು ಒಬ್ಬ ಮಾಟಗಾತಿಗೆ ಮಾರಿಬಿಟ್ಟಿದ್ದಾಳೆ, ಹನ್ನೆರಡು ವರ್ಷದಿಂದ ಕಣ್ಣು ಮುಚ್ಚಿಲ್ಲ, ಆ ನಿದ್ದೆ ಹುಡುಕಿಕೊಂಡು ಕುದುರೆ ಹೊರಟಿದೆ. ಹೀಗೆ ಸ್ವಲ್ಪ ಹೊತ್ತು ಕುದುರೆಯ ಕಥೆ. ಆಮೇಲೆ ಇದ್ದಕ್ಕಿದ್ದ ಹಾಗೆ ಮತ್ತೆ ಡಾಕ್ಟರು, ಗಾಜಿನ ಎದೆಯ ಜನ. ಮಾಸ್ತರರು ಪ್ರತಿ ಸಲ ಕನ್ನಡಕ ಒರೆಸಿಕೊಂಡು, ಡಾಕ್ಟರು ಕುದುರೆಯ ಕಾಲಿಗೆ ಪಟ್ಟಿ ಕಟ್ಟಿದ, ರಾಣಿಯ ಹಳೆಯ ನೆಂಟ ಅವನೇ, ಎಂದೆಲ್ಲ ಎರಡನ್ನೂ ಕೂಡಿಸುತ್ತಿದ್ದರು.

ಜನ ಹುಚ್ಚಾದರು. ಮೂರನೆಯ ಗುರುವಾರ ಒಳಗೆ ಜಾಗ ಸಾಲದೆ ಜಗುಲಿ ತುಂಬಿತು. ಯಲ್ಲಾಪುರಕ್ಕೆ ಹೋಗುವ ಸರ್ವಿಸ್ ಮೋಟಾರಿನ ಡ್ರೈವರು ಐದು ನಿಮಿಷ ಕೇಳಿ ಹೋಗುತ್ತೇನೆ ಎಂದು ಬಂದವನು ಕುಳಿತೇಬಿಟ್ಟ. ಅವನನ್ನು ಹುಡುಕಿಕೊಂಡು ಬಂದ ಪ್ರಯಾಣಿಕರೂ ಕುಳಿತರು.

"ಕಥೆ ರಾಶಿ ಚೊಲೊ ಇದ್ದು," ಎಂದು ಹೆಗಡೆಯವರು ನನ್ನ ಕಿವಿಯಲ್ಲಿ ಹೇಳಿದರು. "ಎಂತಕ್ಕೆ ಹೇಳಿದ್ರೆ, ಮುಂದೆಂತ ಆಗ್ತು ಹೇಳಿ ಯಾರಿಗೂ ಗೊತ್ತಾಗ್ತಿಲ್ಲೆ."

ನಾನು ಕಥೆ ಬರೆದವನಂತೆ ತಲೆ ಆಡಿಸಿದೆ. ಆ ವಾರವೆಲ್ಲ ಓಣಿಯಲ್ಲಿ ಸಿಕ್ಕವರಿಗೆ, ಆ ಪುಸ್ತಕ ಕಟ್ಟಿದ್ದು ನಾನು ಎಂದು ಹೇಳಿದ್ದೇ ಹೇಳಿದ್ದು.

ನಾಲ್ಕನೆಯ ಗುರುವಾರ. ಮಾಸ್ತರರಿಂದ ನಾನು ಎರಡು ಮೊಳ ದೂರ ಕುಳಿತಿದ್ದೆ. ಕಥೆ ಕೇಳುವುದಕ್ಕಿಂತ ಪುಸ್ತಕದ ಬೆನ್ನು ನೋಡುವುದೇ ನನಗೆ ಹೆಚ್ಚು ಖುಷಿ. ಮಗುಚುವಾಗ ಎಷ್ಟು ಚೆನ್ನಾಗಿ ಬಾಗುತ್ತದೆ ಎಂದು ನೋಡುತ್ತ ಕುಳಿತಿದ್ದೆ. ಎಂಟು ಹಾಳೆ ಕಳೆದಾಗ ಫಾರ್ಮು ಮುಗಿದು ಎರಡು ಫಾರ್ಮುಗಳ ನಡುವಿನ ಸಂದು ಕಾಣುತ್ತದೆ. ಕೆಲಸ ಗೊತ್ತಿದ್ದವನಿಗೆ ಮಾತ್ರ ಕಾಣುವಂಥದ್ದು. ಸಂದು ಕಂಡಿತು. ಮಾಸ್ತರರು ಕನ್ನಡಕ ತೆಗೆದರು. ಕುದುರೆ ಬಂತು.

ಇರಲಿ ಅಂದುಕೊಂಡೆ. ಆದರೂ ಬೆರಳು ಮಡಚಿ ಎಣಿಸತೊಡಗಿದೆ. ಆರು ಹಾಳೆ, ಏಳು ಹಾಳೆ, ಎಂಟು ಹಾಳೆ. ಸಂದು. ಕನ್ನಡಕ. ಕುದುರೆ ಹೋಯಿತು, ಡಾಕ್ಟರು ಬಂದ. ಮತ್ತೆ ಎಂಟು ಹಾಳೆ. ಡಾಕ್ಟರು ಹೋದ, ರಾಣಿ ಬಂದಳು.

ಜಗತ್ತಿನಲ್ಲಿ ಎಷ್ಟೇ ದೊಡ್ಡ ಕಾದಂಬರಿಕಾರನಾದರೂ ಸರಿಯಾಗಿ ಎಂಟು ಹಾಳೆಗೊಮ್ಮೆ ಕುದುರೆ ತರುವುದಿಲ್ಲ. ಅದನ್ನು ತಂದವನು ನಾನು. ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಓದು ಮುಗಿದಾಗ ಮಾಸ್ತರರು, ಮುಂದಿನ ಗುರುವಾರ ಕಥೆ ಮುಗಿಯುತ್ತದೆ, ರೇಂಜರ್ ಸಾಹೇಬರು ಅವತ್ತೇ ಬರುತ್ತಾರೆ ಎಂದು ಹೇಳಿದರು. ಮೋಟಾರು ಡ್ರೈವರು ಈ ಅಳುವ ಕುದುರೆಯ ಕಥೆಯನ್ನು ಕಿರವತ್ತಿಯ ಚಹಾದಂಗಡಿಯಲ್ಲಿ ಹೇಳಿದ್ದನಂತೆ. ಅಲ್ಲಿ ಮರದ ಡಿಪೋ ನೋಡಲು ಬಂದಿದ್ದ ರೇಂಜರರ ಕಿವಿಗೆ ಅದು ಬಿದ್ದು, ನಾನೇ ಬಂದು ಕೇಳುತ್ತೇನೆ ಎಂದು ಹೇಳಿ ಕಳಿಸಿದ್ದರಂತೆ. ಇದನ್ನು ಹೇಳುವಾಗ ಮಾಸ್ತರರ ಮುಖವೂ ಅಷ್ಟು ಚೆನ್ನಾಗಿರಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಗುರುವಾರದೊಳಗೆ ಪುಸ್ತಕ ಹೇಗಾದರೂ ವಾಪಸು ಪಡೆದು, ಗುಟ್ಟಾಗಿ ಸರಿಮಾಡಬೇಕು. ಸರಿಮಾಡುವುದು ಹೇಗೆ ಎಂಬುದನ್ನು ಆಮೇಲೆ ಯೋಚಿಸಿದರಾಯಿತು. ಮರುದಿನ ಬೆಳಿಗ್ಗೆಯೇ ಮಾಸ್ತರರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಅದೇ ಪುಸ್ತಕ ಹಿಡಿದು, ಎರಡು ಇಂಗ್ಲಿಷ್ ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು, ತಲೆಕೂದಲು ಕೆದರಿಕೊಂಡು ಕುಳಿತಿದ್ದರು. ನನ್ನನ್ನು ನೋಡಿ ಪುಸ್ತಕವನ್ನು ಪಂಚೆಯ ಕೆಳಗೆ ಸರಿಸಿದರು.

"ಎಂತ ಇಮಾಮಸಾಬ, ಬೆಳಿಗ್ಗೆನೇ?"

"ಬೆನ್ನಿನ ಅಂಟು ಸ್ವಲ್ಪ ಹಸಿ ಉಂಟು ಅಂತ ಕಾಣ್ತದೆ ಮಾಸ್ತರೇ. ಎರಡು ದಿನ ಕೊಟ್ರೆ ಒಣಗಿಸಿ ತರ್ತೇನೆ."

"ತಿಂಗಳಾಗ್ತಾ ಬಂತು. ಅಂಟು ಇನ್ನೂ ಹಸಿ ಇದ್ಯ?"

"ಕೆಲವು ಅಂಟು ಹಾಗೇ."

ಅವರು ನನ್ನ ಮುಖ ನೋಡಿದರು. ನಾನು ಕಂಬ ನೋಡಿದೆ.

"ಈ ಕಥೆ ಹೇಗೆ ಮಾಸ್ತರೇ? ಸರಿಯಾಗಿ ಹೋಗ್ತಾ ಉಂಟಾ?" ಎಂದು ಮೆತ್ತಗೆ ಕೇಳಿದೆ.

"ಎಂತಕ್ಕೆ ಕೇಳ್ತೆ?"

"ಹಾಗೇ ಕೇಳಿದೆ."

"ಬಹಳ ಆಳದ ಗ್ರಂಥಕರ್ತ ಇಂವ," ಎಂದರು ಮಾಸ್ತರರು. "ಓದಿದವ್ರಿಗೇ ತಿಳಿಯೂದು ಕಷ್ಟ. ನಿಂಗೆ ತಿಳಿಯೂದಲ್ಲ."

ಅವರು ಒಂದು ಮಾತು, ಮಾರಾಯ ನನಗೂ ತಿಳಿಯುತ್ತಿಲ್ಲ ಎಂದಿದ್ದರೆ ನಾನು ಅಲ್ಲೇ ಕಾಲು ಹಿಡಿಯುತ್ತಿದ್ದೆ. ನಾನು ಒಂದು ಮಾತು ತಪ್ಪು ನನ್ನದು ಎಂದಿದ್ದರೆ ಅವರು ಎದ್ದು ಕುಣಿಯುತ್ತಿದ್ದರು. ಇಬ್ಬರೂ ಹೇಳಲಿಲ್ಲ. "ನಂಗೆ ಪುಸ್ತಕ ಗುರುವಾರದ ತನಕ ಬೇಕು," ಎಂದು ಅವರು ಹೇಳಿದರು, "ಆಯ್ತು" ಎಂದು ನಾನು ಮನೆಗೆ ಬಂದೆ. ಫಾತಿಮಾಳಿಗೆ ಆ ವಾರ ನಾನು ಏನನ್ನೂ ಹೇಳಲಿಲ್ಲ. ಅವಳು ಏನನ್ನೂ ಕೇಳಲಿಲ್ಲ.

ಗುರುವಾರ ಬಂತು. ರೇಂಜರರು ಧಾರವಾಡದವರು, ನಲವತ್ತರ ಆಸುಪಾಸಿನ ದಪ್ಪ ಮನುಷ್ಯ, ಖಾಕಿ ಕೋಟು. ಮಾಸ್ತರರ ಎದುರಿಗೆ ಕುರ್ಚಿ ಹಾಕಿದರೆ ಬೇಡವೆಂದು ಚಾಪೆಯ ಮೇಲೆ ನನ್ನ ಹಿಂದೆಯೇ ಕುಳಿತರು. ಅವರು ಉಸಿರಾಡುವುದು ನನ್ನ ಕುತ್ತಿಗೆಗೆ ತಾಗುತ್ತಿತ್ತು.

"ಇವತ್ತು ಸ್ವಲ್ಪ ಸಂಕ್ಷೇಪವಾಗಿ ಹೇಳಿ ಮುಗಿಸ್ತೆ," ಎಂದರು ಮಾಸ್ತರರು.

"ಛೇ, ಅದೆಲ್ಲ ಆಗಂಗಿಲ್ರಿ. ಅಂಗಡಿ ಮುಚ್ಚಿ ಬಂದೀನಿ," ಎಂದರು ಚನ್ನಬಸಪ್ಪನವರು. ಜಗುಲಿಯವರೂ ಹೌದು ಹೌದು ಎಂದರು.

ಮಾಸ್ತರರು ಓದಿದರು. ಗಾಜಿನ ಎದೆಯವರ ಊರಿನ ನ್ಯಾಯಾಲಯದಲ್ಲಿ ಡಾಕ್ಟರನ ವಿಚಾರಣೆ. ಇವನೊಬ್ಬನ ಎದೆ ಮಾತ್ರ ಒಳಗಿನದನ್ನು ತೋರಿಸುವುದಿಲ್ಲ, ಹಾಗಾಗಿ ಇವನು ಸುಳ್ಳುಗಾರ ಎಂದು ಅವರ ವಾದ. ಹಿಂದಿನಿಂದ ರೇಂಜರರು "ಹೂಂ, ಹೂಂ" ಅನ್ನುತ್ತಿದ್ದರು, ಗೊತ್ತಿರುವ ಕಥೆ ಸರಿಯಾಗಿ ಹೋಗುತ್ತಿದೆ ಎನ್ನುವ ಹಾಗೆ. ನಾನು ಎಣಿಸುತ್ತಿದ್ದೆ. ಆರು. ಏಳು. ಎಂಟು. ಮಾಸ್ತರರು ಹಾಳೆ ಮಗುಚಿದರು.

ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಅವತ್ತಿನ ತನಕ ಅವರು ಬಾಯಿಂದ ಎಷ್ಟೋ ಸಲ ಸಂದು ಮುಚ್ಚಿದ್ದರು, ಅವತ್ತು ಆಗಲಿಲ್ಲ. ಗೊತ್ತಿರುವವರು ಎದುರಿಗೆ ಕುಳಿತಿದ್ದರು. ಜಗುಲಿಯಿಂದ ಯಾರೋ, "ಕುದುರೆ ಬಂತನ?" ಎಂದರು. ಯಾರೂ ನಗಲಿಲ್ಲ, ಎಲ್ಲರಿಗೂ ಅದೇ ಬೇಕಾಗಿತ್ತು. ಮಾಸ್ತರರ ಕೈ ಅದೇ ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಮಗುಚುತ್ತಿತ್ತು. ಮೂವತ್ತು ವರ್ಷ ಊರಿಗೆಲ್ಲ ಇಂಗ್ಲಿಷ್ ಕಲಿಸಿದ ಕೈ ಅದು. ಇನ್ನೊಂದು ಗಳಿಗೆಯಲ್ಲಿ ರೇಂಜರರು ಏನಾದರೂ ಕೇಳುತ್ತಾರೆ, ಮಾಸ್ತರರ ಮರ್ಯಾದೆ ಅಲ್ಲೇ ಮುಗಿಯುತ್ತದೆ. ನಾನು ಸುಮ್ಮನೆ ಕುಳಿತರೆ ತಪ್ಪು ಅವರ ತಲೆಯ ಮೇಲೆ ಹೋಗುತ್ತದೆ, ಕಪಾಟು ನನ್ನ ಮನೆಗೆ ಬಂದರೂ ಬರಬಹುದು.

ನಾನು ಎದ್ದು ನಿಂತದ್ದು ಯಾವಾಗ ಎಂದು ನನಗೇ ಗೊತ್ತಾಗಲಿಲ್ಲ.

"ಮಾಸ್ತರೇ, ನಿಲ್ಲಿಸಿ. ನಿಮ್ಮ ತಪ್ಪಲ್ಲ," ಅಂದೆ. "ಎರಡು ಪುಸ್ತಕದ ಹಾಳೆ ಕೂಡಿ ಹೋಗಿದೆ. ಕೂಡಿಸಿ ಹೊಲಿದವನು ನಾನು. ನನಗೆ ಇಂಗ್ಲಿಷ್ ಓದಲಿಕ್ಕೆ ಬರೂದಿಲ್ಲ."

ಮೊದಲು ಮಾತಾಡಿದವರು ಚನ್ನಬಸಪ್ಪನವರು.

"ಹಂಗಾರ ಕುದುರಿ?"

"ಕುದುರೆ ಇದ್ದು," ಎಂದು ಹೆಗಡೆಯವರು ಸಮಾಧಾನ ಹೇಳಿದರು. "ಅದು ಬೇರೆ ಪುಸ್ತಕದ ಕುದುರೆ ಹೇಳಿ ಅವ ಹೇಳ್ತಾ ಇದ್ದ."

"ಬ್ಯಾರೆ ಪುಸ್ತಕದ ಕುದುರಿಗೆ ನಾವು ಇಲ್ಲಿ ಕೂತು ಅತ್ತೇವಿ?"

"ನಿಂಗ ಅತ್ತದ್ದು. ಆನು ಅತ್ತಿದ್ನಿಲ್ಲೆ."

"ಅತ್ತೀರಿ. ನಾ ನೋಡೇನಿ." ಚನ್ನಬಸಪ್ಪನವರು ಮಾಸ್ತರರ ಕಡೆ ತಿರುಗಿದರು. "ಮತ್ತ ಡಾಕ್ಟರ ಆ ಕುದುರಿ ಕಾಲಿಗೆ ಪಟ್ಟಿ ಕಟ್ಟಿದ್ದು? ಅದು ಯಾವ ಪುಸ್ತಕದಾಗ ಐತ್ರಿ ಮಾಸ್ತರ?"

ಮಾಸ್ತರರು ಪುಸ್ತಕ ಮುಚ್ಚಿದರು. ಅದರ ಕೆಂಪು ಬೆನ್ನಿನ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು: "ಎರಡ್ರಲ್ಲೂ ಇಲ್ಲೆ. ಅಂವ ದಾರದಲ್ಲಿ ಹೊಲಿದ. ಆನು ಬಾಯಲ್ಲಿ ಹೊಲಿದೆ."

ನನ್ನ ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ರೇಂಜರರು ನಗುತ್ತಿದ್ದರು. ಸದ್ದು ಮಾಡದೆ ನಗಲು ಹೋಗಿ, ಆಗದೆ, ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಒರಗಿಬಿಟ್ಟರು. ಕಣ್ಣೊರೆಸಿಕೊಂಡು ಎದ್ದು, ಪುಸ್ತಕ ತೆಗೆದುಕೊಂಡು, ಸಂದುಗಳನ್ನು ನೋಡಿದರು. ಎರಡು ಕೈಯಲ್ಲಿ ಹಿಡಿದು ಬೆನ್ನನ್ನು ಹಿಂದಕ್ಕೆ ಎಳೆದರು. ಅದು ಜಗ್ಗಲಿಲ್ಲ.

"ಹೊಲಿಗಿ ಭಾರಿ ಗಟ್ಟಿ ಐತಿ," ಎಂದರು. "ಅದಕ್ಕ ನಿಮಗ ಶಿಕ್ಷಾ ಏನಪಾ ಅಂದ್ರ, ಇದನ್ನ ನೀವ ಬಿಚ್ಚಬೇಕು. ಭಾನುವಾರ ತನಕಾ ನಾ ಇಲ್ಲೇ ಬಂಗಲೇದಾಗ ಇರ್ತೀನಿ. ಎರಡೂ ಸರಿ ಮಾಡಿ ತಂದುಕೊಡ್ರಿ. ಕಪಾಟಿನ ಮಾತು ಆಮ್ಯಾಲೆ."

ಆಮೇಲೆ ಎಂದರೆ ಹುಬ್ಬಳ್ಳಿ ಎಂದೇ ನಾನು ತಿಳಿದುಕೊಂಡೆ. ಮನೆಗೆ ಬಂದು ಫಾತಿಮಾಳಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ನಾಲ್ಕು ಹೆಜ್ಜೆ ಅಂದಿದ್ದೆ," ಎಂದಷ್ಟೇ ಅಂದಳು. ವಿಚಿತ್ರವೆಂದರೆ ಕಪಾಟು ಹೋಯಿತೆಂದು ಗೊತ್ತಿದ್ದರೂ ನನಗೆ ಅವತ್ತು ವಾರದ ಮೇಲೆ ಮೊದಲ ಸಲ ಹಸಿವಾಯಿತು.

ಮರುದಿನ ಬಿಚ್ಚಲು ಕುಳಿತೆ. ನನ್ನ ಹೊಲಿಗೆ ಎಷ್ಟು ಗಟ್ಟಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ಅದು ನಿಜವೆಂದು ಅವತ್ತು ನನ್ನ ಬೆರಳುಗಳಿಗೆ ಗೊತ್ತಾಯಿತು. ಎರಡು ಸೂಜಿ ಮುರಿದವು. ಇನ್ನೂ ಒಂದು ಪುಸ್ತಕವೂ ಬಿಚ್ಚಿರಲಿಲ್ಲ, ಬಾಗಿಲಲ್ಲಿ ನೆರಳು ಬಿತ್ತು. ಭಟ್ಟ ಮಾಸ್ತರರು. ಕರೆಯದೆ ಬಂದಿದ್ದರು. ಅಲ್ಲಿಯ ತನಕ ಒಮ್ಮೆಯೂ ನಮ್ಮ ಪಡಸಾಲೆ ಹತ್ತಿದವರಲ್ಲ.

"ಚಾಪೆ ಹಾಕು. ನೀ ಬಿಚ್ಚು, ಆನು ಓದ್ತೆ," ಎಂದರು.

ಇಡೀ ದಿನ ಇಬ್ಬರೂ ಕುಳಿತೆವು. ಒಂದು ಫಾರ್ಮಿನ ಕೊನೆಯ ಸಾಲನ್ನು ಅವರು ಓದುವುದು, ಮುಂದಿನ ಅಂಕಿಯ ಎರಡು ಫಾರ್ಮು ನಾನು ಎದುರಿಗೆ ಹಿಡಿಯುವುದು. ಅವರು ಎರಡರ ಮೊದಲ ಸಾಲನ್ನೂ ಓದಿ, "ಇದು ಹಂಡೆ", "ಇದು ಕುದುರೆ" ಎಂದು ಹೇಳುವುದು, ನಾನು ಎಡಕ್ಕೆ ಬಲಕ್ಕೆ ಇಡುವುದು. ನಡುವೆ ಒಂದು ಕಡೆ ಅವರ ಬೆರಳು ಸಾಲಿನ ಮೇಲೆಯೇ ನಿಂತಿತು. ಎರಡು ಸಾಲು ಮತ್ತೆ ಮತ್ತೆ ಓದಿದರು. ಆಮೇಲೆ ನನ್ನ ಮುಖ ನೋಡಿ, "ಇದು ನಂಗೆ ಅರ್ಥ ಆಗ್ತಿಲ್ಲೆ," ಎಂದರು.

"ಹಾಗಾದರೆ ಭಾನುವಾರ ರೇಂಜರ್ ಸಾಹೇಬರ ಹತ್ತಿರ ಕೇಳುವಾ," ಅಂದೆ.

"ಕೇಳನ," ಎಂದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಫಾತಿಮಾ ಒಳಗಿನಿಂದ ಬಂದು ಏನಾಯಿತೆಂದು ಇಣುಕಿ ಹೋದಳು.

ಭಾನುವಾರ ಪುಸ್ತಕ ತಲುಪಿಸಿದೆವು. ರೇಂಜರರು ಒಂದೊಂದು ಸಂದನ್ನೂ ಓದಿ ನೋಡಿ, ಸೈ ಅಂದರು. ಕೇಳಬೇಕಾದ್ದನ್ನು ಇಬ್ಬರೂ ಕೇಳಿದೆವು. ಅದನ್ನು ಅವರೂ ಎರಡು ಸಲ ಓದಬೇಕಾಯಿತು ಎಂಬುದು ನಮಗೆ ಸಮಾಧಾನ. ಕಪಾಟಿನ ಪುಸ್ತಕಗಳು ಮರುದಿನ ಕೈಗಾಡಿಯಲ್ಲಿ ನಮ್ಮ ಮನೆಗೆ ಬಂದವು. ಒಂದು ಷರತ್ತು ಇತ್ತು: ಇಂಗ್ಲಿಷ್ ಪುಸ್ತಕ ಬಿಚ್ಚಿದಾಗ ಮಾಸ್ತರರು ಪಕ್ಕದಲ್ಲಿ ಕೂರಬೇಕು. ಷರತ್ತು ಹಾಕಿದವರು ಮಾಸ್ತರರೇ. ಗುರುವಾರದ ಓದಿನಲ್ಲಿ ಸರಿಯಾದ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದರು. ಎರಡು ವಾರಕ್ಕೆ ಅರ್ಧ ಜನ ಬರುವುದು ಬಿಟ್ಟರು. ಕುದುರೆ ಇಲ್ಲದ ಚುಕ್ಕೆಗೆ ಯಾರು ಹೋಗುತ್ತಾರೆ ಎಂದು ಮೋಟಾರು ಡ್ರೈವರು ಮೋಟಾರನ್ನು ಹೊತ್ತಿಗೆ ಸರಿಯಾಗಿ ಬಿಡತೊಡಗಿದ.

ನನಗೆ ಈಗ ವಯಸ್ಸಾಗಿದೆ. ಜಂಬ ಕಡಿಮೆಯಾಗಿದೆ ಎಂದು ಹೇಳಿದರೆ ಮನೆಯವರು ನಗುತ್ತಾರೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ನಲವತ್ತು ಜನರ ಎದುರು ಒಮ್ಮೆ ಹೇಳಿದ ಮೇಲೆ, ಒಬ್ಬರ ಎದುರು ಹೇಳುವುದು ಏನೂ ಕಷ್ಟವಲ್ಲ ಎಂಬುದು ಮಾತ್ರ ನನಗೆ ಗಟ್ಟಿಯಾಯಿತು. ಕಪಾಟಿನ ಪುಸ್ತಕ ಮುಗಿಯಲು ಎರಡು ವರ್ಷ ಹಿಡಿಯಿತು. ಮಾಸ್ತರರು ಅಷ್ಟೂ ದಿನ ಬಂದರು. ಓದುವ ಕೆಲಸ ಇಲ್ಲದ ಒಂದು ದಿನ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದವರು, "ಆ ಗಂಟು ಹೆಂಗೆ ಹಾಕ್ತೆ? ನಂಗೆ ಬರ್ತಿಲ್ಲೆ. ಕಲಿಸು," ಎಂದರು. ಅರವತ್ತು ದಾಟಿದ ಆ ಮನುಷ್ಯ ಕನ್ನಡಕದ ಹತ್ತಿರ ಸೂಜಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದು ಸಣ್ಣ ವ್ಯಾಕರಣ ಪುಸ್ತಕ ಕಟ್ಟಿದರು. ಮುಗಿಸಿ, ನನಗೇ ಕೊಟ್ಟುಬಿಟ್ಟರು. ಅದು ಇನ್ನೂ ನನ್ನ ಹತ್ತಿರ ಇದೆ. ಹೊಲಿಗೆ ಸೊಟ್ಟಗಿದೆ, ಎರಡು ಕಡೆ ದಾರ ಸಡಿಲ. ನನ್ನ ಅಂಗಡಿಗೆ ಬಂದ ಅಂಥ ಪುಸ್ತಕವನ್ನು ನಾನು ಒಂದು ದಿನವೂ ಹಾಗೇ ಬಿಟ್ಟವನಲ್ಲ. ಇದನ್ನು ಮಾತ್ರ ಬಿಚ್ಚಿ ಸರಿಮಾಡಲು ಇವತ್ತಿಗೂ ಕೈ ಬಂದಿಲ್ಲ.